ಹಸಿ ಮರದ ಪೆಟ್ಟಿಗೆ

ನಮ್ಮನೇಲಿ ಹೊದಿಕೆ ಜಾಸ್ತಿ. ಇರೋದು ಬೆಂಗಳೂರಲ್ಲಿ, ಅದೂ ಮೂರೇ ಜನ, ಆದ್ರೆ ಹೊದಿಕೆ ಮಾತ್ರ ಮೂಡಿಗೆರೆ ಮಳೆ ಲೆಕ್ಕದಲ್ಲಿದೆ. ಹೆಂಡತಿ ತವರು ಧಾರವಾಡ, ಅಲ್ಲಿಂದ ಬಂದ ಕೌದಿ ಎರಡು, ನಮ್ಮಮ್ಮ ಕೊಟ್ಟ ಕರಿ ಕಂಬಳಿ ಒಂದು, ಮದುವೇಲಿ ಬಂದ ಡಬಲ್ ರಗ್ಗು ಮೂರು (ಯಾಕೆ ಎಲ್ರೂ ರಗ್ಗೇ ಕೊಡ್ತಾರೋ ಗೊತ್ತಿಲ್ಲ), ಮಗಳ ಪುಟ್ಟ ಕ್ವಿಲ್ಟು ಬೇರೆ. ಇದೆಲ್ಲ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಸಜ್ಜಾ ಮೇಲೆ ಇಡ್ತಿದ್ವಿ, ಮಳೆಗಾಲ ಮುಗಿದು ತೆಗೆದ್ರೆ ಮುಗ್ಗಲು ವಾಸನೆ, ಎರಡು ದಿನ ಬಿಸಿಲಿಗೆ ಹಾಕಿದ್ರೂ ಹೋಗಲ್ಲ. ಪ್ಲಾಸ್ಟಿಕ್ ಒಳಗೆ ಇಟ್ಟಾಗ ಬಟ್ಟೇಲಿದ್ದ ಪಸೆ ಅಲ್ಲೇ ಉಳ್ಕೊಳತ್ತೆ, ಬೂಸ್ಟು ಬರದೇ ಇನ್ನೇನು. ಮರದ ಪೆಟ್ಟಿಗೆ ಒಂದು ಇದ್ರೆ ಚೆನ್ನಾಗಿತ್ತು ಅಂತ ಅಮ್ಮ ಅಂದ್ರು. ನಾನು, ಜೀವನದಲ್ಲಿ ಒಂದು ಸ್ಟೂಲೂ ಮಾಡದವನು, ಮಾಡೋಣ ಬಿಡಮ್ಮ ಅಂದ್ಬಿಟ್ಟೆ.

ಯೂಟ್ಯೂಬ್‌ನಲ್ಲಿ ಬ್ಲಾಂಕೆಟ್ ಚೆಸ್ಟ್ ಅಂತ ಹುಡುಕಿದ್ರೆ ನೂರಾರು ವಿಡಿಯೋ. ಎಲ್ಲಾ ಅಮೆರಿಕದವ್ರದ್ದು. ಅವ್ರು ಅಂಗಡಿಗೆ ಹೋಗಿ ಒನ್ ಬೈ ಟ್ವೆಲ್ವ್ ಪೈನ್ ಹಲಗೆ ನಾಲ್ಕು ಎತ್ಕೊಂಡು ಬರ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಪೆಟ್ಟಿಗೆ ರೆಡಿ. ನಾನು ಅದನ್ನ ಹಾಗೇ ನಂಬಿ 1 ಇಂಚು ದಪ್ಪ 12 ಇಂಚು ಅಗಲ ಅಂತ ಇಡೀ ಡ್ರಾಯಿಂಗ್ ಹಾಕಿದ್ದೆ, ಆಮೇಲೆ ಗೊತ್ತಾಗಿದ್ದು ಅದು ಬರೀ ಹೆಸರಿಗೆ ಅಂತ, ಕೈಗೆ ಸಿಗೋ ಹಲಗೆ ಮುಕ್ಕಾಲು ಇಂಚು ದಪ್ಪ, ಹನ್ನೊಂದೂಕಾಲು ಇಂಚು ಅಗಲ ಅಷ್ಟೇ. ಅಲ್ಲಿ ಎಲ್ಲರಿಗೂ ಗೊತ್ತಿರೋ ವಿಷಯ ಅದು, ಹಾಗಾಗಿ ಯಾರೂ ಬಾಯಿಬಿಟ್ಟು ಹೇಳಲ್ಲ. ನಮ್ಮಲ್ಲಿ ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್‌ಗೆ ಹೋಗಿ ಒನ್ ಬೈ ಟ್ವೆಲ್ವ್ ಕೊಡಿ ಅಂದ್ರೆ ಮುಖ ನೋಡ್ತಾರೆ. ಇಲ್ಲಿ ಲೆಕ್ಕ ಎಲ್ಲ ಸಿಎಫ್‌ಟಿ, ಅಂದ್ರೆ ಘನ ಅಡಿ. ಉದ್ದ ಅಡೀಲಿ, ಅಗಲ ಮತ್ತೆ ದಪ್ಪ ಇಂಚಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಿದ್ರೆ ಸಿಎಫ್‌ಟಿ ಬರತ್ತೆ. 4 ಅಡಿ ಉದ್ದ, 6 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಆರು ಸೇರಿದ್ರೆ ಒಂದು ಸಿಎಫ್‌ಟಿ. ಇದೊಂದು ಗೊತ್ತಿದ್ರೆ ಅಂಗಡೀಲಿ ಅರ್ಧ ಮರ್ಯಾದೆ ಉಳಿಯತ್ತೆ.

ಅಳತೆ ತಗೊಂಡಿದ್ದು ಮಾತ್ರ ನಾನು ಮಾಡಿದ ಒಂದು ಒಳ್ಳೇ ಕೆಲಸ. ಎಲ್ಲಾ ಹೊದಿಕೆನೂ ಮಡಿಚಿ ನೆಲದ ಮೇಲೆ ಪೇರಿಸಿ, ಸುತ್ತ ಟೇಪ್ ಹಿಡಿದೆ. ಡಬಲ್ ರಗ್ಗು ಹೇಗೆ ಮಡಿಚಿದ್ರೂ 15 ಇಂಚಿಗಿಂತ ಕಡಿಮೆ ಅಗಲಕ್ಕೆ ಬರಲ್ಲ. ಅದಕ್ಕೆ ಪೆಟ್ಟಿಗೆ 40 ಇಂಚು ಉದ್ದ, 18 ಇಂಚು ಅಗಲ, ಹಲಗೆ ಎತ್ತರ 16 ಇಂಚು, ಮುಚ್ಚಳ ಸುತ್ತ ಒಂದಿಂಚು ಆಚೆ ಬರೋ ಹಾಗೆ 42 ಬೈ 20 ಅಂತ ಮಾಡ್ಕೊಂಡೆ. ಒಂದಿಂಚು ದಪ್ಪಕ್ಕೆ ಲೆಕ್ಕ ಹಾಕಿದ್ರೆ 1.56 ಸಿಎಫ್‌ಟಿ ಬಂತು. ಗಂಟು, ಸೀಳು, ತಪ್ಪಾಗಿ ಕೊಯ್ಯೋದು (ಮುಖ್ಯವಾಗಿ ಇದು) ಎಲ್ಲ ಸೇರಿ ಎರಡೂಕಾಲು ಇರ್ಲಿ ಅಂತ ಇಟ್ಕೊಂಡೆ, ಕೊನೆಗೆ ಉಳಿದಿದ್ದು ಒಂದು ಮೊಳ ತುಂಡು.

ಮರ ಎಲ್ಲಿಂದ ಅಂದ್ರೆ, ಮೂಡಿಗೆರೆ ಹತ್ರ ಸೋದರಮಾವನ ತೋಟದಿಂದ. ಆ ವರ್ಷ ಜೂನ್ ಗಾಳಿಗೆ ಒಂದು ಸಿಲ್ವರ್ ಓಕ್ ಬಿದ್ದಿತ್ತು. ಹೆಸರಲ್ಲಿ ಓಕ್ ಇದೆ ಅಷ್ಟೇ, ಓಕ್‌ಗೂ ಇದಕ್ಕೂ ಸಂಬಂಧ ಇಲ್ಲ, ಆಸ್ಟ್ರೇಲಿಯಾದಿಂದ ಬಂದ ಮರ, ಕಾಫಿ ತೋಟದಲ್ಲಿ ನೆರಳಿಗೆ ಹಾಕ್ತಾರೆ, ಮೆಣಸಿನ ಬಳ್ಳಿ ಹಬ್ಬಿಸ್ತಾರೆ. ಸಾಗುವಾನಿ ಮುಂದೆ ಇದಕ್ಕೆ ಯಾರೂ ಬೆಲೆ ಕೊಡಲ್ಲ, ಆದ್ರೆ ಸರಿಯಾದ ಕಡೆಯಿಂದ ಕೊಯ್ಸಿದ್ರೆ ಮೈ ತುಂಬ ಹಾವಿನ ಪೊರೆ ಥರ ಮಿಂಚೋ ಚುಕ್ಕೆ ಬರತ್ತೆ, ಬೀಟೆಗೂ ಹಾಗೆ ಬರಲ್ಲ ಅಂತ ನನ್ನ ಅಭಿಪ್ರಾಯ. ಆಗಸ್ಟ್‌ನಲ್ಲಿ ಮಾವ ಸಾ ಮಿಲ್‌ಗೆ ಹಾಕಿ ಒಂದೂಕಾಲು ಇಂಚು ದಪ್ಪಕ್ಕೆ ಹಲಗೆ ಮಾಡಿಸಿಟ್ರು. ನವೆಂಬರ್‌ನಲ್ಲಿ ನಾನು ಪಿಕಪ್ ಗಾಡಿ ತಗೊಂಡು ಹೋದೆ. ಅಲ್ಲಿದ್ದ ಆಚಾರ್ರು ಹಲಗೆ ಮೇಲೆ ಅಂಗೈ ಇಟ್ಟು, ಬೆರಳಲ್ಲಿ ತಟ್ಟಿ, "ಇನ್ನೂ ಹಸಿ ಐತೆ ಸಾರ್, ಒಂದ್ ಬೇಸಿಗೆ ದಾಟ್ಲಿ" ಅಂದ್ರು. ಹಲಗೆ ಒಂದಿಂಚು ದಪ್ಪ ಇದ್ರೆ ನೆರಳಲ್ಲಿ ಒಣಗೋಕೆ ಒಂದು ವರ್ಷ ಅನ್ನೋದು ಬಡಗಿಗಳ ಹಳೇ ಲೆಕ್ಕ. ನಂದು ಮೂರು ತಿಂಗಳು, ಅದೂ ಮಲೆನಾಡಿನ ಮಳೆಗಾಲದ ಮೂರು ತಿಂಗಳು. ಮುಟ್ಟಿದ್ರೆ ನನಗೇನೋ ಒಣಗಿದ ಹಾಗೇ ಅನ್ನಿಸ್ತು. ಗಾಡಿ ಬಾಡಿಗೆ ಕೊಟ್ಟಾಗಿದೆ, ರಜೆ ಹಾಕಿ ಬಂದಾಗಿದೆ, ಬೆಂಗಳೂರಲ್ಲಿ ಬಿಸಿಲಿದೆ ಆಚಾರ್ರೇ ಒಣಗತ್ತೆ ಬಿಡಿ ಅಂದೆ. ಅವ್ರು ಮತ್ತೆ ಏನೂ ಹೇಳ್ಲಿಲ್ಲ, ಬೀಡಿ ಹಚ್ಕೊಂಡ್ರು.

ಕೆಲಸ ಮಾಡಿದ್ದು ಮನೆ ಟೆರೇಸ್ ಮೇಲೆ, ಶೀಟ್ ಹಾಕಿರೋ ಜಾಗದಲ್ಲಿ, ಶನಿವಾರ ಭಾನುವಾರ ಮಾತ್ರ, ಅದೂ ಓನರ್ ಆಂಟಿ ಮಧ್ಯಾಹ್ನದ ನಿದ್ದೆ ಬಿಟ್ಟು. ಎಸ್.ಪಿ. ರೋಡಲ್ಲಿ ಒಂದು ಹತ್ತರಿ, ಎರಡು ಉಳಿ, ಒಂದು ಕೈ ಗರಗಸ, ಮೂಲೆಮಟ್ಟ ತಂದೆ, ಡ್ರಿಲ್ ಮಿಷನ್ ಫ್ರೆಂಡ್‌ದು. ಮೊದಲನೇ ದಿನ ಹತ್ತರಿ ಹೊಡೆದ್ರೆ ಹಲಗೆ ನುಣುಪಾಗೋದು ಬಿಟ್ಟು ಸಿಬಿರು ಸಿಬಿರು ಎದ್ದು ಬಂತು. ನಾರು ಯಾವ ಕಡೆ ಏರ್ತಾ ಹೋಗತ್ತೋ ಆ ಕಡೆಗೇ ಹೊಡೀಬೇಕು, ಎದುರು ಹೊಡೆದ್ರೆ ಬೆಕ್ಕಿನ ಮೈ ಹಿಂದು ಮುಂದಾಗಿ ಸವರಿದ ಹಾಗೆ. ಅದು ಗೊತ್ತಾಗೋಕೆ ಎರಡು ಹಲಗೆ ಹೋಯ್ತು. ಅಂಗಡಿಯಿಂದ ಬಂದ ಹತ್ತರಿ ಬ್ಲೇಡು ಹಾಗೇ ಕೆಲಸಕ್ಕೆ ಬರಲ್ಲ ಅಂತಾನೂ ಆಗ್ಲೇ ಗೊತ್ತಾಗಿದ್ದು, ಕಲ್ಲಿಗೆ ಹಾಕಿ ತಿಕ್ಕಿ ತಿಕ್ಕಿ, ಕೈ ಮೇಲಿನ ಕೂದಲು ಬೋಳಿಸೋ ಅಷ್ಟು ಹರಿತ ಆದ ಮೇಲೆ ಅದೇ ಹತ್ತರಿ ಬೇರೆಯದೇ ಥರ ಓಡ್ತು. ಆಮೇಲೆ ತುರಿಕೆ. ಎರಡನೇ ವಾರ ಕುತ್ತಿಗೆ, ಮೊಣಕೈ ಎಲ್ಲ ಕೆಂಪಗೆ ದದ್ದು. ಡಾಕ್ಟ್ರು ಏನು ಹೊಸದು ಮುಟ್ಟಿದ್ರಿ ಅಂದ್ರು. ಸಿಲ್ವರ್ ಓಕ್ ಧೂಳು ಕೆಲವರ ಚರ್ಮಕ್ಕೆ ಆಗಿಬರಲ್ಲ. ಅವತ್ತಿಂದ ಫುಲ್ ತೋಳಿನ ಶರ್ಟು, ಮಾಸ್ಕು, ಕೆಲಸ ಮುಗಿದ ತಕ್ಷಣ ಸ್ನಾನ.

16 ಇಂಚು ಅಗಲದ ಹಲಗೆ ಒಂದೇ ತುಂಡಲ್ಲಿ ಎಲ್ಲಿ ಬರತ್ತೆ, ಮೂರು ಮೂರು ಸೇರಿಸಿ ಅಂಟಿಸಬೇಕು. ಇಲ್ಲೊಂದು ಉಪಾಯ ಇದೆ, ನಂಗೆ ತುಂಬಾ ಇಷ್ಟ ಆಗಿದ್ದು. ಸೇರಿಸೋ ಎರಡು ಹಲಗೇನ ಪುಸ್ತಕ ಮುಚ್ಚಿದ ಹಾಗೆ ಮುಖಕ್ಕೆ ಮುಖ ಇಟ್ಟು, ಎರಡರ ಅಂಚಿಗೂ ಒಟ್ಟಿಗೇ ಹತ್ತರಿ ಹೊಡೀಬೇಕು. ಕೈ ಸ್ವಲ್ಪ ಓರೆ ಆದ್ರೂ ಪರವಾಗಿಲ್ಲ, ಬಿಚ್ಚಿ ಪಕ್ಕ ಪಕ್ಕ ಇಟ್ಟಾಗ ಒಂದು ಎಷ್ಟು ಆ ಕಡೆ ಓರೆಯೋ ಇನ್ನೊಂದು ಅಷ್ಟೇ ಈ ಕಡೆ ಓರೆ, ಎರಡೂ ಸೇರಿ ಸಪಾಟು. ಉದ್ದನೇ ಕ್ಲಾಂಪ್ ದುಬಾರಿ, ಹಾಗಾಗಿ ಪ್ಲೈವುಡ್ ತುಂಡಿನ ಮೇಲೆ ಎರಡು ಕಡೆ ರಿಪೀಸ್ (ಮರದ ಸಣ್ಣ ಪಟ್ಟಿ) ಸ್ಕ್ರೂ ಮಾಡಿ, ಮಧ್ಯ ಹಲಗೆ ಇಟ್ಟು, ಸಂದೀಲಿ ಎದುರು ಬದರು ಬೆಣೆ ಹೊಡೆದು ಬಿಗಿ ಮಾಡ್ದೆ. ಫೆವಿಕಾಲ್ ಅಂಚಿಂದ ಸಣ್ಣ ಸಣ್ಣ ಮಣಿ ಥರ ಈಚೆ ಬಂದ್ರೆ ಸರಿಯಾಗಿದೆ ಅಂತ ಅರ್ಥ. ನಂದು ಧಾರಾಕಾರ ಬಂತು, ಹಲಗೆ ಪ್ಲೈವುಡ್‌ಗೇ ಅಂಟ್ಕೊಂತು. ಮಧ್ಯ ಒಂದು ನ್ಯೂಸ್ ಪೇಪರ್ ಹಾಕಿದ್ರೆ ಮುಗೀತಿತ್ತು.

ಮೂಲೆ ಜಾಯಿಂಟ್‌ಗೆ ಡವ್‌ಟೇಲ್ (ಹಲ್ಲು ಹಲ್ಲು ಕೊಯ್ದು ಒಂದರೊಳಗೊಂದು ಕೂರಿಸೋದು) ಮಾಡೋ ಆಸೆ ಇತ್ತು. ಬೇಡದ ತುಂಡಿನ ಮೇಲೆ ಒಂದು ಟ್ರೈ ಮಾಡಿ ನೋಡ್ದೆ, ಇಲಿ ಕಡಿದ ಹಾಗಿತ್ತು. ಅದನ್ನ ಬಿಟ್ಟು, ಅಂಟು ಹಾಕಿ ಸ್ಕ್ರೂ ಹೊಡೆದು ನಿಲ್ಲಿಸಿ, ಆಮೇಲೆ ಒಂದೊಂದೇ ಸ್ಕ್ರೂ ಬಿಚ್ಚಿ ಅದೇ ತೂತು ದೊಡ್ಡದು ಮಾಡಿ ಬಿದಿರಿನ ಗೂಟ ಹೊಡೆದೆ, ಮೂಲೆಗೆ ಐದು. ಹಲಗೆ ತುದಿ ಸ್ಪಂಜಿನ ಥರ ಅಂಟನ್ನ ಹೀರ್ಕೊಳತ್ತೆ, ಅದಕ್ಕೆ ಅಲ್ಲಿ ಬರೀ ಅಂಟು ನಂಬೋ ಹಾಗಿಲ್ಲ, ಗೂಟ ಬೇಕು. ನಾಲ್ಕೂ ಕಡೆ ನಾರು ಅಡ್ಡಡ್ಡ ಹೋಗೋ ಹಾಗೆ ಇಟ್ಟಿದ್ದೆ. ವಿಡಿಯೋದಲ್ಲಿ ಇತ್ತು ಅಂತ ಮಾಡಿದ್ದು, ಕಾರಣ ಆಮೇಲೆ ಅರ್ಥ ಆಯ್ತು. ಚೌಕ ಸರಿ ಇದೆಯಾ ನೋಡೋಕೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೀಬೇಕು, ಸಮ ಇದ್ರೆ ಸರಿ. ನಂದು 8 ಮಿಲಿಮೀಟರ್ ವ್ಯತ್ಯಾಸ. ಉದ್ದ ಇರೋ ಕರ್ಣಕ್ಕೆ ಹಗ್ಗ ಸುತ್ತಿ ಕೋಲು ಹಾಕಿ ತಿರುಗಿಸಿ ಎಳೆದು, ಅಂಟು ಒಣಗೋವರೆಗೂ ಹಾಗೇ ಬಿಟ್ಟೆ, 2 ಮಿಲಿಮೀಟರ್‌ಗೆ ಬಂತು. ತಳಕ್ಕೆ 12 ಎಂಎಂ ಪ್ಲೈವುಡ್ಡು, ಅದರಲ್ಲಿ ಕಥೆ ಏನಿಲ್ಲ.

ಮುಚ್ಚಳಕ್ಕೆ ಬಂದೆ. 20 ಇಂಚು ಅಗಲ, ನಾಲ್ಕು ಹಲಗೆ ಸೇರಿಸಿದ್ದು. ಬೆಂಡ್ ಆಗಬಾರದು ಅಂತ ಕೆಳಗಡೆ ಅಡ್ಡಕ್ಕೆ ಎರಡು ಪಟ್ಟಿ ಕೊಡ್ತಾರೆ. ನಾನು ಗಟ್ಟಿ ಇರ್ಲಿ ಅಂತ ಪಟ್ಟಿಗೆ ಉದ್ದಕ್ಕೂ ಫೆವಿಕಾಲ್ ಬಳಿದು, ಒಂದೊಂದಕ್ಕೂ ಆರು ಸ್ಕ್ರೂ ಹೊಡೆದೆ. ಮೇಲೆ ಹತ್ತಿ ನಿಂತ್ರೂ ಅಲ್ಲಾಡಲಿಲ್ಲ. ಫೋಟೋ ತೆಗೆದು ಮಾವನಿಗೆ ಕಳಿಸಿದ್ದೆ, ಆಚಾರ್ರಿಗೂ ತೋರ್ಸಿ ಅಂತ.

ಹಿಂಜಸ್ ಹಿತ್ತಾಳೇದು, ಮೂರು. ಹಿತ್ತಾಳೆ ಸ್ಕ್ರೂ ಮೆತ್ತಗೆ, ಸೀದಾ ತಿರುಗಿಸಿದ್ರೆ ತಲೆ ಮುರಿದು ಕೈಗೆ ಬರತ್ತೆ. ಬಂತು. ಮೊದಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೇದಕ್ಕೆ ಮೇಣದ ಬತ್ತಿ ಉಜ್ಜಿ ಹಾಕಬೇಕು. ಚಿಲಕ ಮಾತ್ರ ಹಾಕ್ಲಿಲ್ಲ. ಮನೇಲಿ ನಾಲ್ಕು ವರ್ಷದ ಮಗು ಇದೆ. ಅಮೆರಿಕದಲ್ಲಿ ಇಂಥ ಸೀಡರ್ ಪೆಟ್ಟಿಗೆಗಳಿಗೆ ಮುಚ್ಚಿದ ತಕ್ಷಣ ತಾನೇ ಲಾಕ್ ಆಗೋ ಬೀಗ ಇರ್ತಿತ್ತಂತೆ, ಒಳಗಿಂದ ತೆಗೆಯೋಕೆ ಆಗಲ್ಲ, ಬಚ್ಚಿಟ್ಕೊಳ್ಳೋಕೆ ಹೋದ ಮಕ್ಕಳು ಉಸಿರು ಕಟ್ಟಿ ಸತ್ತ ಮೇಲೆ 1996ರಲ್ಲಿ ಸುಮಾರು 1.2 ಕೋಟಿ ಪೆಟ್ಟಿಗೆಗಳ ಬೀಗ ಬದಲಾಯಿಸಿ ಅಂತ ಹೇಳಬೇಕಾಯ್ತು. ಅದನ್ನ ಓದಿದ ರಾತ್ರಿ ನಿದ್ದೆ ಬರ್ಲಿಲ್ಲ. ಮುಂದಿನ ಹಲಗೆ ಮೇಲಂಚಲ್ಲಿ ಬೆರಳು ತೂರೋ ಅಷ್ಟು ಉದ್ದಕ್ಕೆ ಕಚ್ಚು ತೆಗೆದೆ, ಗಾಳಿನೂ ಆಡತ್ತೆ, ಮುಚ್ಚಳ ಬಿದ್ರೂ ಬೆರಳು ಜಜ್ಜಲ್ಲ. ತೆಗೆದ ಮುಚ್ಚಳ ಎಲ್ಲಿ ಬಿಟ್ರೆ ಅಲ್ಲೇ ನಿಲ್ಲೋ ಥರದ ಸಪೋರ್ಟ್ ಎರಡು ಹಾಕಿಸಿದೆ, ಇಡೀ ಪೆಟ್ಟಿಗೇಲಿ ಜಾಸ್ತಿ ದುಡ್ಡು ಹೋಗಿದ್ದು ಅದಕ್ಕೇ.

ಪಾಲಿಶ್‌ಗೆ ಅರಗು, ಅಂದ್ರೆ ಶೆಲ್ಲಾಕ್. ಚನ್ನಪಟ್ಟಣದ ಗೊಂಬೆಗೆ ಹಾಕೋದೂ ಅರಗೇ, ಅವ್ರು ತಿರುಗೋ ಮರಕ್ಕೆ ಗಟ್ಟಿ ಅರಗನ್ನೇ ಒತ್ತಿ ಬಿಸಿಗೆ ಕರಗಿಸ್ತಾರೆ, ನಾವು ಚಕ್ಕೆ ತಂದು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೇಲಿ ಸವರೋದು. ಬೇಗ ಒಣಗತ್ತೆ, ವಾಸನೆ ಉಳಿಯಲ್ಲ. ಅಗಸೆ ಎಣ್ಣೆ ಒಳಗಡೆ ಹಚ್ಚಬೇಡಿ, ಮುಚ್ಚಿದ ಪೆಟ್ಟಿಗೇಲಿ ಅದರ ವಾಸನೆ ತಿಂಗಳುಗಟ್ಟಲೆ ಹೋಗಲ್ಲ, ಕಂಬಳಿಗೂ ಹತ್ತತ್ತೆ. ಇನ್ನೊಂದು, ಆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಬಿಸಾಕಿದ್ರೆ ತಾನೇ ಬಿಸಿಯಾಗಿ ಬೆಂಕಿ ಹತ್ಕೊಳ್ಳಬಹುದು, ನಿಜವಾಗ್ಲೂ, ಬಿಡಿಸಿ ಹರವಿ ಒಣಗಿಸಬೇಕು. ನಾನು ಒಳಗೆ ಏನೂ ಹಚ್ಚದೆ ಬರೀ ಮರ ಬಿಟ್ಟೆ. ಅಮ್ಮ ನುಸಿಗೆ ಅಂತ ಬಜೆ ಬೇರು, ಒಣಗಿದ ಬೇವಿನ ಸೊಪ್ಪು ಬಟ್ಟೇಲಿ ಗಂಟು ಕಟ್ಟಿ ಹಾಕಿದ್ರು.

ಜನವರಿ ಕೊನೇಲಿ ಪೆಟ್ಟಿಗೆ ಹಾಲ್‌ಗೆ ಬಂತು. ಖಾಲಿ ಪೆಟ್ಟಿಗೇನೇ 25 ಕೆಜಿ ಹತ್ರ ಇದೆ, ಮೆಟ್ಟಿಲಲ್ಲಿ ಇಳಿಸೋಕೆ ಇಬ್ಬರು ಬೇಕಾಯ್ತು. ಮಾರ್ಚ್ ಎರಡನೇ ವಾರ ರಾತ್ರಿ ಟಿವಿ ನೋಡ್ತಾ ಕೂತಿದ್ವಿ, ಟಪ್ ಅಂತ ಸದ್ದು, ತೆಂಗಿನಕಾಯಿ ಒಡೆದ ಹಾಗೆ. ನೋಡಿದ್ರೆ ಮುಚ್ಚಳದ ಮಧ್ಯ ಈ ತುದಿಯಿಂದ ಒಂದೂವರೆ ಅಡಿ ಸೀಳು. ಅಂಟು ಬಿಟ್ಟಿರಲಿಲ್ಲ, ಅಂಟಿನ ಪಕ್ಕದ ಮರಾನೇ ಸೀಳಿತ್ತು. ಏಪ್ರಿಲ್ ಹೊತ್ತಿಗೆ ಅದರೊಳಗೆ ಒಂದು ರೂಪಾಯಿ ನಾಣ್ಯ ಆರಾಮಾಗಿ ಇಳೀತಿತ್ತು, ಮಗಳು ಇಳಿಸಿ ನೋಡಿದ್ಲು, ಎರಡು ಸಲ.

ಆಗಿದ್ದು ಇಷ್ಟು. ಮರ ಒಣಗ್ತಾ ಉದ್ದಕ್ಕೆ ಕುಗ್ಗಲ್ಲ ಅಂತಾನೇ ಅನ್ನಬಹುದು, ಅಗಲಕ್ಕೆ ಕುಗ್ಗತ್ತೆ. ಅದರಲ್ಲೂ ವರ್ಷದ ಬಳೆಗಳ (ಮರ ಅಡ್ಡ ಕೊಯ್ದಾಗ ಕಾಣೋ ಉಂಗುರಗಳ) ಗುಂಟ ಕುಗ್ಗೋದು, ಬಳೆಗಳನ್ನ ದಾಟಿ ಕುಗ್ಗೋದಕ್ಕಿಂತ ಸುಮಾರು ಎರಡರಷ್ಟು. ನನ್ನ ಮುಚ್ಚಳ 20 ಇಂಚು ಅಗಲ, ಹಸಿ, ಬೆಂಗಳೂರಿನ ಒಣ ಬೇಸಿಗೆ, ಕುಗ್ಗಲೇಬೇಕು. ಆದ್ರೆ ಕೆಳಗಿರೋ ಪಟ್ಟಿಯ ಉದ್ದ ಮುಚ್ಚಳದ ಅಗಲದ ಕಡೆಗೇ ಮಲಗಿದೆ, ಉದ್ದ ಕುಗ್ಗಲ್ಲ, ಮೇಲಿನ ಹಲಗೇನ ಕುಗ್ಗೋಕೂ ಬಿಡಲ್ಲ. ಎರಡೂ ಹಠ. ಮಧ್ಯ ಹೋಗಿದ್ದು ಮರ. ಪೆಟ್ಟಿಗೆ ಮೈ ಯಾಕೆ ಸೀಳಲಿಲ್ಲ ಅಂದ್ರೆ ನಾಲ್ಕೂ ಕಡೆ ನಾರು ಒಂದೇ ಥರ ಅಡ್ಡ ಇರೋದ್ರಿಂದ ಎಲ್ಲಾ ಒಟ್ಟಿಗೆ ಕುಗ್ಗಿ ಎತ್ತರ ಸ್ವಲ್ಪ ಕಡಿಮೆ ಆಯ್ತು, ಅಷ್ಟೇ.

ಪಟ್ಟಿ ಬಿಡಿಸೋಕೆ ಉಳಿ ಹಾಕಿ ಎಬ್ಬಿಸಬೇಕಾಯ್ತು, ಫೆವಿಕಾಲ್ ಚೆನ್ನಾಗೇ ಕೆಲಸ ಮಾಡಿತ್ತು. ಹೊಸ ಪಟ್ಟಿಗೆ ಅಂಟಿಲ್ಲ. ಮಧ್ಯದ ಸ್ಕ್ರೂ ಮಾತ್ರ ಬಿಗಿ, ಮಿಕ್ಕಿದ್ದಕ್ಕೆಲ್ಲ ತೂತನ್ನ ಉದ್ದಕ್ಕೆ ಕೊರೆದು ವಾಷರ್ ಹಾಕಿ ಸ್ವಲ್ಪ ಸಡಿಲ, ಮುಚ್ಚಳ ಈಗ ಹಿಗ್ಗಲಿ ಕುಗ್ಗಲಿ ಸ್ಕ್ರೂ ಜೊತೆಗೇ ಸರಿಯತ್ತೆ. ಸೀಳಿಗೆ ಅದೇ ಮರದ ತೆಳ್ಳನೆ ಚಕ್ಕೆ ಸೇರಿಸಿದೆ. ಬಣ್ಣ ಕೂಡಲಿಲ್ಲ, ದೂರದಿಂದ್ಲೇ ಕಾಣತ್ತೆ. ಅಮ್ಮ ಅದರ ಮೇಲೆ ಒಂದು ಕ್ರೋಶಾ ಬಟ್ಟೆ ಹಾಸಿದಾರೆ, ನಾನು ತೆಗೀತೀನಿ, ಅವ್ರು ಮತ್ತೆ ಹಾಸ್ತಾರೆ. ಕಂಬಳಿ ವಾಸನೆ ಬಂದಿಲ್ಲ ಅಂತೂ.

ಅದೇ ಸಿಲ್ವರ್ ಓಕ್‌ನ ಬುಡದ ಭಾಗ ಇನ್ನೂ ಉಳಿದಿತ್ತು. ಮೇ ತಿಂಗಳಲ್ಲಿ ಮಾವ ಅದನ್ನೂ ಕೊಯ್ಸಿದ್ರು, ಅತ್ತೆಗೂ ಒಂದು ಪೆಟ್ಟಿಗೆ ಬೇಕಂತೆ. ಈ ಸಲ ನಾನೇ ಹೋಗಿ ಹಲಗೆಗಳ ಮಧ್ಯ ಮಧ್ಯ ರಿಪೀಸ್ ಇಟ್ಟು, ನೆಲದಿಂದ ಒಂದಡಿ ಎತ್ತರಕ್ಕೆ, ಕಾಫಿ ಗೋಡೌನ್ ಮೂಲೇಲಿ ಗಾಳಿ ಆಡೋ ಹಾಗೆ ಪೇರಿಸಿ ಬಂದೆ. ಆಚಾರ್ರು ಬಂದು ನೋಡಿ, ಒಂದು ರಿಪೀಸ್ ಓರೆ ಇತ್ತು, ಸರಿ ಮಾಡಿ ಹೋದ್ರು, ಮುಚ್ಚಳದ ವಿಷಯ ಎತ್ತಲೇ ಇಲ್ಲ. ಪಸೆ ಅಳೆಯೋ ಮೀಟರ್ ಇಲ್ಲದೇನೇ ಒಣಗಿದ್ದು ತಿಳಿಯೋಕೆ ಒಂದು ಹಲಗೇನ ತೂಕ ಮಾಡ್ತಾ ಇರಬೇಕು, ಇಳಿಯೋದು ನಿಂತ್ರೆ ಅಲ್ಲಿನ ಹವೆಗೆ ಒಣಗಿದೆ ಅಂತ. ಮಾವನ ಹತ್ರ ಏರ್‌ಪೋರ್ಟ್‌ಗೆ ಅಂತ ತಗೊಂಡಿದ್ದ ಲಗೇಜ್ ತಕ್ಕಡಿ ಇದೆ. ತಿಂಗಳಿಗೊಂದು ಸಲ ಹಲಗೆ ನೇತು ಹಾಕಿ ಫೋಟೋ ಕಳಿಸ್ತಾರೆ. ಮೇನಲ್ಲಿ 10.2 ಕೆಜಿ ಇತ್ತು. ಮಳೆಗಾಲ ಪೂರ್ತಿ 9.6ರ ಕೆಳಗೆ ಇಳೀಲೇ ಇಲ್ಲ. ಮೊನ್ನೆ ಜನವರೀಲಿ 8.3 ಬಂತು, ಕೆಳಗೆ ಮಾವನ ಮೆಸೇಜು: "ಇನ್ನೂ ಇಳೀತಾ ಇದೆ ಕಣೋ, ಬರ್ಬೇಡ."