ಹಾಳೆಯ ಬಸ್ಸು

ಜೂನ್ ಮೊದಲ ವಾರ ನಾನು ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಹೋದದ್ದು ಆಟಕ್ಕಲ್ಲ, ಅಡಿಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಸುವುದಕ್ಕೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕದಲ್ಲಿ ದ್ರಾವಣ ಕದಡಿ ಮುಗಿಸುವುದಕ್ಕೂ ಮಳೆ ಜಡಿಯುವುದಕ್ಕೂ ಸರಿಹೋಯಿತು. ಅಂದೇ ಬಳಸದಿದ್ದರೆ ಪ್ರಯೋಜನಕ್ಕೆ ಬಾರದ ಆ ನೀಲಿ ನೀರನ್ನು ನೋಡುತ್ತ, ಹೋದ ದುಡ್ಡೆಷ್ಟು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರ ದಿನದ ಕೂಲಿಯೆಷ್ಟು ಎಂದು ಮನಸ್ಸಿನಲ್ಲೇ ಕೂಡಿಸುತ್ತಾ ಜಗಲಿಯಲ್ಲಿ ಕುಳಿತಿದ್ದೆ.

ಮಳೆ ಹೊಳವಾದಾಗ ತಂಗಿಯ ಮಗಳು, ಎಂಟು ವರ್ಷದವಳು, ತೋಟದಿಂದ ಅಡಿಕೆ ಗರಿಯ ಬುಡದ ಹಾಳೆಯೊಂದನ್ನು ಸೋಗೆಸಮೇತ ಎಳೆದು ತಂದಳು. ತಟ್ಟೆ ಮಾಡುವವರು ಕೊಳ್ಳತೊಡಗಿದ ಮೇಲೆ ಹಾಳೆಗೂ ದರ ಬಂದಿರುವುದರಿಂದ, ಅದು ಹರಿದೀತೆಂಬ ಯೋಚನೆಯೇ ನನಗೆ ಮೊದಲು ಬಂದದ್ದು (ನಾಚಿಕೆಯ ಸಂಗತಿಯೇ). ಅವಳನ್ನು ಹಾಳೆಯ ಮೇಲೆ ಕೂರಿಸಿ, ಸೋಗೆಯ ತುದಿ ಹಿಡಿದು ಅಂಗಳದಲ್ಲಿ ಎಳೆಯುತ್ತ, "ಒಂದು ಸುತ್ತಾಯಿತು, ಇನ್ನು ಎರಡೇ" ಎಂದೆ.

"ಎಣಿಸ್ಬೇಡ ಮಾವ, ಬಸ್ಸು ಎಣಿಸ್ತದಾ?"

ಉತ್ತರ ಹೊಳೆಯಲಿಲ್ಲ. ಹಾವಸೆಗಟ್ಟಿದ ಅಂಗಳದಲ್ಲಿ ಜಾರದಿರಲೆಂದು ಹಾಕಿದ್ದ ಅಡಿಕೆ ಮರ ಸೀಳಿದ ದಬ್ಬೆಯ ಮೇಲೆ ಹಾಳೆ ಧಡಧಡನೆ ಹಾರಿದಾಗ, ಅದು ಹಂಪ್ ಎಂದಳು. ತುಳಸಿಕಟ್ಟೆ ಶಿವಮೊಗ್ಗದ ದಾರಿಯ ಮಂಡಗದ್ದೆಯಾಯಿತು, ಪಕ್ಷಿಧಾಮದ ಹಕ್ಕಿ ನೋಡುವವರು ಅಲ್ಲಿ ಇಳಿಯಬೇಕಿತ್ತು. ಹಂಡೆಯ ಒಲೆಯ ಪಕ್ಕ ಆನೆ ಬಿಡಾರದ ಸಕ್ರೆಬೈಲು. ಆನೆ ರಸ್ತೆ ದಾಟುವವರೆಗೆ ಬಸ್ಸು ನಿಲ್ಲಲೇಬೇಕು, ಆ ಆನೆಯೂ ನಾನೇ ಆಗಬೇಕು. ಸೊಂಡಿಲಿಗೆಂದು ಕೈ ಚಾಚಿದವನು ದಬ್ಬೆ ತಪ್ಪಿ ಕಾಲಿಟ್ಟು, ಕೆಸರಿನಲ್ಲಿ ಅಂಗಾತ ಬಿದ್ದೆ. ಅವಳು ನಕ್ಕ ರಭಸಕ್ಕೆ ನನಗೂ ನಗು ಬಂದು, ಎದ್ದು ನಿಲ್ಲುವುದಕ್ಕೇ ಆಗಲಿಲ್ಲ. ಶಿವಮೊಗ್ಗದಲ್ಲಿ ಬೆಳಗಿನ ನಡಿಗೆಗೆ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿಕೊಂಡು ಹೋಗುವ ನಾನು, ಅಂದು ಎಷ್ಟು ಸುತ್ತು ಹಾಕಿದೆನೋ ತಿಳಿಯದು.

ಗಾಜನೂರು ದಾಟುವ ಹೊತ್ತಿಗೆ ಹಾಳೆ ನಡುವೆ ಸೀಳಿತು. ಹಾಳು ಮಾಡಿದಿರೆಂದು ಜಗಲಿಯಲ್ಲಿದ್ದ ಅಪ್ಪಯ್ಯ ಗದರಿಯಾರೆಂದು ಕಾದೆ. ಅವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ, "ಪಂಕ್ಚರ್ ಆದ್ರೆ ಟಿಕೇಟಿನ ದುಡ್ಡು ವಾಪಸ್ ಕೊಡ್ತೀರಾ, ಹೇಗೆ?" ಎಂದು ಕೇಳಿದರು.