ಏಪ್ರಿಲ್ ತಿಂಗಳ ಜಮಾಖರ್ಚು

ಮನೆಯ ಜಮಾಖರ್ಚು ಬರೆದಿಡುವ ಕೆಲಸ ಮದುವೆಯಾದಾಗಿನಿಂದಲೂ ನನ್ನ ಪಾಲಿನದು. ತಿಂಗಳ ಕೊನೆಯಲ್ಲಿ ರಸೀದಿಗಳನ್ನೂ ಬ್ಯಾಂಕಿನ ಸಂದೇಶಗಳನ್ನೂ ಎದುರಿಗಿಟ್ಟುಕೊಂಡು, ಒಂದೊಂದು ಖರ್ಚನ್ನೂ ಅದರದರ ಬಾಬ್ತಿಗೆ ಸೇರಿಸಿ ಕೂಡಿದರೆ ಲೆಕ್ಕ ಮುಗಿಯುತ್ತಿತ್ತು. ಒಂದು ತಿಂಗಳಿಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರುತ್ತಿರಲಿಲ್ಲ. 2020ರ ಏಪ್ರಿಲ್ ತಿಂಗಳ ಕೊನೆಯ ದಿನ ಮಾತ್ರ ಆ ಕೆಲಸ ಇಡೀ ಮಧ್ಯಾಹ್ನ ಹಿಡಿಯಿತು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಹೇಳಿದ ಬಳಿಕ ನಾವು ಪೂರ್ತಿಯಾಗಿ ಮನೆಯೊಳಗೇ ಕಳೆದ ಮೊದಲ ತಿಂಗಳು ಅದು. ಜನವರಿಯ ಪುಟವನ್ನೂ ಏಪ್ರಿಲ್‌ನ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಇವೆರಡೂ ಒಂದೇ ಮನೆಯ ಲೆಕ್ಕವೆಂದು ನಂಬುವುದು ಕಷ್ಟವಾಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಖಾಲಿ ಸಾಲುಗಳು. ಪೆಟ್ರೋಲ್, ಬಸ್ಸು ರೈಲುಗಳ ಟಿಕೆಟ್, ಹೋಟೆಲ್, ಸಿನಿಮಾ, ಕ್ಷೌರ, ಬಟ್ಟೆಬರೆ, ಮಗಳ ಶಾಲಾ ವಾಹನ ಇವುಗಳ ಮುಂದೆ ಬರೆಯಲು ಏನೂ ಇರಲಿಲ್ಲ. ಉದ್ಯೋಗಕ್ಕೆ ಹೋಗಿಬರುವುದಕ್ಕೆಂದೇ ನಾವಿಬ್ಬರೂ ಎಷ್ಟು ಖರ್ಚು ಮಾಡುತ್ತಿದ್ದೆವೆಂಬುದು ಅಲ್ಲಿಯವರೆಗೆ ಒಟ್ಟಾಗಿ ಕಂಡಿರಲಿಲ್ಲ, ಏಕೆಂದರೆ ಆ ಮೊತ್ತ ಪೆಟ್ರೋಲಿನಲ್ಲಿ ಸ್ವಲ್ಪ, ಹೊರಗಿನ ಊಟದಲ್ಲಿ ಸ್ವಲ್ಪ, ಉಡುಪಿನಲ್ಲಿ ಸ್ವಲ್ಪ ಎಂದು ಹಲವು ಬಾಬ್ತುಗಳಲ್ಲಿ ಹಂಚಿಹೋಗಿತ್ತು. ಎಲ್ಲ ಬಾಬ್ತುಗಳೂ ಒಮ್ಮೆಗೇ ನಿಂತಾಗ ಅದರ ಗಾತ್ರ ತಿಳಿಯಿತು.

ಉಬ್ಬಿದ ಸಾಲುಗಳೂ ಇದ್ದವು. ದಿನಸಿ, ಅಡುಗೆ ಅನಿಲ, ವಿದ್ಯುತ್, ಇಂಟರ್ನೆಟ್ ಎಲ್ಲವೂ ಏರಿದ್ದವು. ಸೋಪು, ಸ್ಯಾನಿಟೈಸರ್, ಮಾಸ್ಕ್‌ಗಳಿಗೆಂದು ಹೊಸದೊಂದು ಸಾಲನ್ನೇ ತೆರೆಯಬೇಕಾಯಿತು. ಕಚೇರಿಯೂ ಶಾಲೆಯೂ ಹಗಲಿಡೀ ಭರಿಸುತ್ತಿದ್ದ ದೀಪ, ಫ್ಯಾನು, ನೀರು, ಕುರ್ಚಿ, ಮೇಜುಗಳ ಖರ್ಚು ಯಾರೂ ಆದೇಶ ಹೊರಡಿಸದೆ ನಮ್ಮ ಮನೆಗೆ ವರ್ಗವಾಗಿತ್ತು. ಬೆಲೆ ಏರಿಕೆ ಅಷ್ಟೇನೂ ಇಲ್ಲವೆಂದು ಸುದ್ದಿಯಲ್ಲಿ ಹೇಳುತ್ತಿದ್ದ ಆ ದಿನಗಳಲ್ಲಿ ದಿನಸಿಯ ರಸೀದಿ ಮಾತ್ರ ಬೇರೆಯೇ ಹೇಳುತ್ತಿತ್ತು, ಮತ್ತು ಅದಕ್ಕೆ ಕಾರಣವಿತ್ತು. ಬೆಲೆ ಸೂಚ್ಯಂಕವನ್ನು ಲೆಕ್ಕ ಹಾಕುವವರು ಒಂದು ಕುಟುಂಬ ಯಾವುದಕ್ಕೆ ಎಷ್ಟು ಪಾಲು ಖರ್ಚು ಮಾಡುತ್ತದೆಂಬುದನ್ನು ಮೊದಲೇ ನಿಗದಿ ಮಾಡಿಕೊಂಡಿರುತ್ತಾರೆ. ಆ ವಸಂತದಲ್ಲಿ ಹಲವು ದೇಶಗಳಲ್ಲಿ ಇಂಧನ ಮತ್ತು ಪ್ರಯಾಣದ ದರಗಳು ಕುಸಿದದ್ದರಿಂದ ಸೂಚ್ಯಂಕ ತಗ್ಗಿತು, ಆದರೆ ಅವನ್ನು ಕೊಳ್ಳುವವರೇ ಇರಲಿಲ್ಲ, ಎಲ್ಲರೂ ಕೊಳ್ಳುತ್ತಿದ್ದ ಆಹಾರದ ಬೆಲೆ ಏರುತ್ತಿತ್ತು. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಆಲ್ಬರ್ಟೊ ಕವಾಲ್ಲೊ ಅದೇ ವರ್ಷ ಜನರ ನಿಜವಾದ ಖರ್ಚಿನ ಪಾಲುಗಳನ್ನು ಹಿಡಿದು ಮತ್ತೆ ಲೆಕ್ಕ ಹಾಕಿ, ಅಮೆರಿಕ ಸೇರಿದಂತೆ ಹಲವು ದೇಶಗಳಲ್ಲಿ ಕುಟುಂಬಗಳು ಅನುಭವಿಸಿದ ಏರಿಕೆ ಅಧಿಕೃತ ಅಂಕಿಗಿಂತ ಹೆಚ್ಚಾಗಿತ್ತೆಂದು ತೋರಿಸಿದರು. ನಮ್ಮ ರಸೀದಿಗೂ ಸರ್ಕಾರಿ ಅಂಕಿಗೂ ಹೊಂದಾಣಿಕೆಯಾಗದಿದ್ದುದು ಏಕೆಂದು ಅದನ್ನು ಓದಿದ ಮೇಲೆ ನನಗೆ ಸ್ಪಷ್ಟವಾಯಿತು.

ಎರಡು ಪುಟಗಳ ನಡುವೆ ಮಾರ್ಚ್‌ನ ಪುಟವೊಂದಿತ್ತು, ಅದು ಎರಡನ್ನೂ ಹೋಲುತ್ತಿರಲಿಲ್ಲ. ಅದರ ಮೊದಲರ್ಧದಲ್ಲಿ ದಿನಸಿಯೂ ಅತ್ತೆಯವರ ಮಾತ್ರೆಗಳೂ ಮಾಮೂಲಿಗಿಂತ ಬಹಳ ಹೆಚ್ಚಾಗಿದ್ದವು. ಉತ್ತರಾರ್ಧದಲ್ಲಿ ಖರ್ಚು ಒಮ್ಮೆಗೇ ಬಿದ್ದುಹೋಗಿತ್ತು. ಅಮೆರಿಕದ ಕುಟುಂಬಗಳ ಬ್ಯಾಂಕ್ ವ್ಯವಹಾರಗಳನ್ನು ಪರಿಶೀಲಿಸಿದ ಸ್ಕಾಟ್ ಬೇಕರ್ ಮತ್ತು ಸಂಗಡಿಗರೂ ಇದೇ ಆಕಾರವನ್ನು ಕಂಡರು: ಸೋಂಕಿನ ಸುದ್ದಿ ಹರಡುತ್ತಿದ್ದಂತೆ ಚಿಲ್ಲರೆ ಅಂಗಡಿಗಳಲ್ಲಿ, ಆಹಾರದ ಮೇಲೆ ಖರ್ಚು ಥಟ್ಟನೆ ಏರಿತು, ನಂತರ ಒಟ್ಟು ಖರ್ಚು ಕಡಿದಾಗಿ ಇಳಿಯಿತು. ಅಂಗಡಿಯ ಕಪಾಟುಗಳು ಬರಿದಾದದ್ದನ್ನು ಜನರ ದುರಾಸೆಯೆಂದು ಅಂದು ಹಲವರು ಬೈದರು. ನಾನು ಅದನ್ನು ಒಪ್ಪುವುದಿಲ್ಲ. ದಿನಕ್ಕೆ ಎರಡು ಹೊತ್ತು ಹೊರಗೆ ಉಣ್ಣುತ್ತಿದ್ದವರು ಮೂರು ಹೊತ್ತೂ ಮನೆಯಲ್ಲಿ ಉಣ್ಣಬೇಕಾದಾಗ ಮನೆಗೆ ಬೇಕಾದ ಸಾಮಾನು ನಿಜಕ್ಕೂ ಹೆಚ್ಚುತ್ತದೆ. ಟಾಯ್ಲೆಟ್ ಪೇಪರ್‌ಗಾಗಿ ಆಸ್ಟ್ರೇಲಿಯಾದಲ್ಲಿಯೂ ಅಮೆರಿಕದಲ್ಲಿಯೂ ನಡೆದ ಪರದಾಟದಲ್ಲಿ ಭಯದ ಜೊತೆಗೆ ಇದೂ ಒಂದು ಕಾರಣವಾಗಿತ್ತು: ಕಚೇರಿಗಳಿಗೆ ಹೋಗುವ ದೊಡ್ಡ ಸುರುಳಿಗಳೂ ಮನೆಗೆ ಬರುವ ಸಣ್ಣ ಸುರುಳಿಗಳೂ ಬೇರೆ ಬೇರೆ ಸರಬರಾಜಿನ ದಾರಿಯಲ್ಲಿ ಬರುವಂಥವು, ಒಂದು ದಾರಿಯ ಸರಕನ್ನು ರಾತ್ರಿ ಬೆಳಗಾಗುವುದರೊಳಗೆ ಇನ್ನೊಂದಕ್ಕೆ ತಿರುಗಿಸಲು ಬರುವುದಿಲ್ಲ.

ಎಲ್ಲ ಕೂಡಿಸಿದ ಮೇಲೆ ಏಪ್ರಿಲ್‌ನ ಒಟ್ಟು ಖರ್ಚು ಜನವರಿಗಿಂತ ಬಹಳ ಕಡಿಮೆಯಿತ್ತು. ಸಂಸ್ಥೆಯವರು ನನ್ನ ಯಜಮಾನರ ಸಂಬಳದಲ್ಲಿ ಒಂದು ಭಾಗವನ್ನು ಕಡಿತ ಮಾಡಿದ್ದರೂ ತಿಂಗಳ ಕೊನೆಗೆ ಕೈಯಲ್ಲಿ ಮೊದಲಿಗಿಂತ ಹೆಚ್ಚು ಹಣವಿತ್ತು. ಅವರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಇಷ್ಟನ್ನೂ ಆಪತ್ಕಾಲಕ್ಕೆಂದು ಬ್ಯಾಂಕಿನಲ್ಲಿ ಇಟ್ಟುಬಿಡೋಣ, ಮುಂದಿನ ತಿಂಗಳು ಸಂಬಳವೇ ಬರುತ್ತದೋ ಇಲ್ಲವೋ ಎಂದರು. ಆ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಯೋಚನೆ ಜಗತ್ತಿನ ಲಕ್ಷಾಂತರ ಮನೆಗಳಲ್ಲಿ ನಡೆದಿತ್ತು. ಆ ಏಪ್ರಿಲ್‌ನಲ್ಲಿ ಅಮೆರಿಕದ ಕುಟುಂಬಗಳು ತೆರಿಗೆ ಕಳೆದು ಕೈಗೆ ಬಂದ ಆದಾಯದ ಸುಮಾರು ಮೂರನೇ ಒಂದು ಭಾಗವನ್ನು ಉಳಿಸಿದವು. ಅದಕ್ಕೆ ಮುಂಚೆ ಆ ಪಾಲು ನೂರಕ್ಕೆ ಏಳೆಂಟರ ಆಸುಪಾಸಿನಲ್ಲಿತ್ತು. ಸರ್ಕಾರ ನೇರವಾಗಿ ಕೊಟ್ಟ ನೆರವಿನ ಹಣವೂ ಅದರಲ್ಲಿ ಸೇರಿತ್ತೆಂಬುದು ನಿಜ, ಆದರೂ ಅಷ್ಟು ಎತ್ತರದ ಉಳಿತಾಯ ಅಲ್ಲಿ ಹಿಂದೆಂದೂ ದಾಖಲಾಗಿರಲಿಲ್ಲ. ಬ್ರಿಟನ್‌ನಲ್ಲಿಯೂ ಆ ತ್ರೈಮಾಸಿಕದ ಉಳಿತಾಯ ಆದಾಯದ ಕಾಲು ಭಾಗದ ಆಸುಪಾಸಿಗೆ ಏರಿತು.

ಅಂಗಡಿಗಳನ್ನು ಮುಚ್ಚಿಸಿದ್ದರಿಂದ ಖರ್ಚು ನಿಂತಿತು ಎಂದು ಹೇಳಿಬಿಡುವುದು ಸುಲಭ. ಆದರೆ ನಿರ್ಬಂಧವಿಲ್ಲದ ಕಡೆಯೂ ಜನ ಖರ್ಚು ನಿಲ್ಲಿಸಿದರು. ಡೆನ್ಮಾರ್ಕ್ ಬೇಗನೆ ಬಾಗಿಲು ಹಾಕಿತು, ಪಕ್ಕದ ಸ್ವೀಡನ್ ಬಹುಮಟ್ಟಿಗೆ ತೆರೆದೇ ಇತ್ತು. ಎರಡೂ ದೇಶಗಳಲ್ಲಿ ಗ್ರಾಹಕರಿರುವ ಒಂದು ದೊಡ್ಡ ಬ್ಯಾಂಕಿನ ಲೆಕ್ಕಗಳನ್ನು ಹೋಲಿಸಿದಾಗ ಖರ್ಚು ಡೆನ್ಮಾರ್ಕಿನಲ್ಲಿ ಸುಮಾರು ಶೇಕಡಾ 29ರಷ್ಟು, ಸ್ವೀಡನ್‌ನಲ್ಲಿ ಸುಮಾರು ಶೇಕಡಾ 25ರಷ್ಟು ಇಳಿದಿತ್ತು. ಅಮೆರಿಕದಲ್ಲಿ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ ಅವರು ಅಂಗಡಿಗಳಿಗೆ ಬರುವ ಗಿರಾಕಿಗಳ ಓಡಾಟವನ್ನು ಪರಿಶೀಲಿಸಿ, ಅದು ಶೇಕಡಾ 60ರಷ್ಟು ಕುಸಿದಿದ್ದರೆ ಆ ಅರವತ್ತರಲ್ಲಿ ಸರ್ಕಾರಿ ಆದೇಶದ ಪಾಲು ಏಳು ಮಾತ್ರ ಎಂದು ಕಂಡುಕೊಂಡರು. ಉಳಿದದ್ದು ಬಹುಮಟ್ಟಿಗೆ ಹೆದರಿಕೆ. ನಮ್ಮ ಮನೆಯಲ್ಲಿ ಅತ್ತೆಯವರ ವಯಸ್ಸು ಎಪ್ಪತ್ತು ದಾಟಿತ್ತು. ಹೋಟೆಲುಗಳು ಮರುದಿನವೇ ತೆರೆದಿದ್ದರೂ ನಾವು ಹೋಗುತ್ತಿರಲಿಲ್ಲ.

ಯಜಮಾನರ ಮಾತಿಗೆ ನಾನು ಹೂಂ ಎನ್ನುವಷ್ಟರಲ್ಲಿ, ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಅತ್ತೆಯವರು, "ಆ ಖಾಲಿ ಸಾಲುಗಳನ್ನು ಇನ್ನೊಂದು ಸಲ ಓದಮ್ಮ" ಎಂದರು. ನಾನು ಓದಿದೆ. "ಇದರಲ್ಲಿ ಒಂದೊಂದು ಸಾಲೂ ಯಾರೋ ಒಬ್ಬರ ತಿಂಗಳ ಗಳಿಕೆ ಅಲ್ಲವೇ? ಅವರ ಮನೆಯಲ್ಲಿ ಈಗ ಏನು ಲೆಕ್ಕ ಬರೆಯುತ್ತಿರಬಹುದು?" ಎಂದು ಕೇಳಿದರು. ಶಾಲಾ ವಾಹನದ ಚಾಲಕ, ಕ್ಷೌರದಂಗಡಿಯವರು, ಮಗಳಿಗೆ ಸಂಗೀತ ಹೇಳಿಕೊಡುತ್ತಿದ್ದ ಮೇಡಂ, ಎಲ್ಲಕ್ಕಿಂತ ಮಿಗಿಲಾಗಿ ಮನೆಗೆಲಸಕ್ಕೆ ಬರುತ್ತಿದ್ದವರು. ನಾವು ಉಳಿಸಿದ್ದೆಂದು ಕೂಡಿಟ್ಟ ಮೊತ್ತದಲ್ಲಿ ದೊಡ್ಡ ಪಾಲು ಅವರಿಗೆ ತಲುಪದೆ ನಿಂತ ಹಣವಾಗಿತ್ತು.

ಆ ಮಧ್ಯಾಹ್ನವೇ ಮನೆಗೆಲಸದವರಿಗೆ ಫೋನ್ ಮಾಡಿದೆ. ಅವರು ನಮ್ಮದೂ ಸೇರಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು. ಎರಡು ಮನೆಯವರು ಬರಬೇಡಿ ಎಂದಷ್ಟೇ ಹೇಳಿ ಸುಮ್ಮನಾಗಿದ್ದರು, ಒಂದು ಮನೆಯವರು ಅರ್ಧ ಕೊಟ್ಟಿದ್ದರು. ಅವರ ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರು, ಆ ಕೆಲಸವೂ ನಿಂತಿತ್ತು. "ಅಕ್ಕಾ, ಬಾಡಿಗೆ ಕೊಡಲೇಬೇಕು, ಊಟ ಮಾಡಲೇಬೇಕು, ಈಗ ಮಕ್ಕಳ ಪಾಠಕ್ಕೆ ಮೊಬೈಲಿಗೆ ದುಡ್ಡು ಹಾಕಿಸಲೇಬೇಕು. ಬಿಡುವುದಾದರೂ ಯಾವುದನ್ನು?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಖರ್ಚಿನಲ್ಲಿ ಪೆಟ್ರೋಲ್ ಇರಲಿಲ್ಲ, ಹೋಟೆಲ್ ಇರಲಿಲ್ಲ, ಸಿನಿಮಾ ಇರಲಿಲ್ಲ. ಸಾಂಕ್ರಾಮಿಕ ನಮಗೆ ಬಿಟ್ಟುಕೊಟ್ಟ ಸಾಲುಗಳಲ್ಲಿ ಒಂದೂ ಅವರ ಮನೆಯ ಲೆಕ್ಕದಲ್ಲಿ ಮೊದಲಿನಿಂದಲೇ ಇರಲಿಲ್ಲ. ಆದಾಯ ಕಡಿಮೆಯಾದಂತೆ ಅದರಲ್ಲಿ ಆಹಾರದ ಪಾಲು ದೊಡ್ಡದಾಗುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿಯೇ ತೋರಿಸಿದ್ದರು. ಆಹಾರವೂ ಬಾಡಿಗೆಯೂ ಹೆಚ್ಚುಕಡಿಮೆ ಎಲ್ಲವನ್ನೂ ನುಂಗುವ ಮನೆಯಲ್ಲಿ ಗಳಿಕೆ ನಿಂತರೆ ಖರ್ಚು ಕಡಿಮೆಯಾಗುವುದಿಲ್ಲ, ಸಾಲ ಹೆಚ್ಚುತ್ತದೆ ಅಥವಾ ತಟ್ಟೆಯಲ್ಲಿನ ಊಟ ಕಡಿಮೆಯಾಗುತ್ತದೆ.

ಇದು ಒಂದೆರಡು ಮನೆಗಳ ಕಥೆಯಲ್ಲ. ಜಗತ್ತಿನ ದುಡಿಯುವ ಜನರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ, ಅಂದರೆ ಸುಮಾರು 200 ಕೋಟಿ ಜನ, ಅಸಂಘಟಿತ ವಲಯದಲ್ಲಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಅಂದಾಜು ಮಾಡಿತ್ತು. 2020ರಲ್ಲಿ ಕಳೆದುಹೋದ ದುಡಿಮೆಯ ಗಂಟೆಗಳು ಸುಮಾರು 25.5 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮವೆಂದು ಅದೇ ಸಂಘಟನೆ ಹೇಳಿತು, ಮತ್ತು ಆ ಒಂದೇ ವರ್ಷದಲ್ಲಿ ಸುಮಾರು 7 ಕೋಟಿ ಜನ ಕಡುಬಡತನಕ್ಕೆ ಸೇರಿದರೆಂದು ವಿಶ್ವ ಬ್ಯಾಂಕ್ ಲೆಕ್ಕ ಹಾಕಿತು. ನಮ್ಮಂಥ ಮನೆಗಳ ಬ್ಯಾಂಕ್ ಖಾತೆಗಳು ಬೆಳೆದ ತಿಂಗಳುಗಳೂ ಅವೇ.

ಈ ಎರಡರ ನಡುವಿನ ಕೊಂಡಿಯನ್ನು ಹಾರ್ವರ್ಡ್‌ನ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ ಕಾರ್ಡ್ ವ್ಯವಹಾರಗಳಲ್ಲಿಯೂ ಸಂಬಳದ ದಾಖಲೆಗಳಲ್ಲಿಯೂ ಹುಡುಕಿ ತೋರಿಸಿದ್ದಾರೆ. ಖರ್ಚನ್ನು ಹೆಚ್ಚು ಕಡಿತ ಮಾಡಿದವರು ಅನುಕೂಲಸ್ಥರು, ಅದರಲ್ಲೂ ಎದುರಾಎದುರು ನಿಂತು ಪಡೆಯುವ ಸೇವೆಗಳಲ್ಲಿ. ಅದರ ಪೆಟ್ಟು ಬಿದ್ದದ್ದು ಅನುಕೂಲಸ್ಥರ ಬಡಾವಣೆಗಳಲ್ಲಿ ಕೆಲಸ ಮಾಡುತ್ತಿದ್ದ ಕಡಿಮೆ ಸಂಬಳದವರ ಮೇಲೆ. ಆ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಏಪ್ರಿಲ್ ನಡುವಿನಲ್ಲಿ ಸರ್ಕಾರದ ನೆರವು ಖಾತೆಗೆ ಬಿದ್ದ ಕೂಡಲೇ ಕಡಿಮೆ ಆದಾಯದ ಕುಟುಂಬಗಳ ಖರ್ಚು ಬೇಗ ಚೇತರಿಸಿಕೊಂಡಿತು, ಆದರೆ ಆ ಹಣದಲ್ಲಿ ಬಹಳ ಸ್ವಲ್ಪ ಮಾತ್ರ ಹೆಚ್ಚು ಪೆಟ್ಟು ತಿಂದ ವ್ಯಾಪಾರಗಳಿಗೆ ತಲುಪಿತು. ಹಾಗಾಗಿ, ಎಲ್ಲ ತೆರೆದ ಮೇಲೆ ನಾವು ಮನಸಾರೆ ಖರ್ಚು ಮಾಡಿದರೆ ಎಲ್ಲರಿಗೂ ಸರಿಹೋಗುತ್ತದೆಂದು ಕಾಯುವುದರಲ್ಲಿ ಹುರುಳಿಲ್ಲವೆಂದು ನಾನು ನಂಬುತ್ತೇನೆ. ಹಣ ಯಾರಿಗೆ ತಲುಪದೆ ನಿಂತಿತೋ, ಅವರಿಗೇ ಅದು ತಲುಪಬೇಕು.

ಅಂದು ಸಂಜೆ ನಾವು ಮೂವರೂ ಕುಳಿತು ಒಂದೊಂದೇ ಸಾಲನ್ನು ತೀರ್ಮಾನಿಸಿದೆವು. ಮನೆಗೆಲಸದವರಿಗೆ ಬಂದರೂ ಬಾರದಿದ್ದರೂ ಪೂರ್ತಿ ಸಂಬಳ. ವಾಹನದ ಚಾಲಕರಿಗೆ ಶಾಲೆ ತೆರೆಯುವವರೆಗೆ ಅರ್ಧ, ಏಕೆಂದರೆ ಇಂಧನದ ಖರ್ಚು ಅವರಿಗೂ ಇರಲಿಲ್ಲ. ಸಂಗೀತದ ಮೇಡಂ ಬರಿದೇ ಹಣ ತೆಗೆದುಕೊಳ್ಳಲು ಒಪ್ಪದೆ ಫೋನಿನಲ್ಲಿಯೇ ಪಾಠ ಮುಂದುವರಿಸುವುದಾಗಿ ಹೇಳಿದರು. ಗೃಹಸಾಲದ ಕಂತನ್ನು ಕೆಲವು ತಿಂಗಳು ಮುಂದೂಡುವ ಅವಕಾಶ ಬ್ಯಾಂಕಿನಲ್ಲಿತ್ತು. ಆದರೆ ಕಂತು ನಿಂತರೂ ಬಡ್ಡಿ ನಿಲ್ಲದೆ ಅಸಲಿಗೆ ಸೇರುತ್ತಿದ್ದುದರಿಂದ, ಕೈಯಲ್ಲಿ ಹಣವಿದ್ದ ನಾವು ಕಟ್ಟುತ್ತಲೇ ಹೋದೆವು. ಬೇರೆ ದಾರಿಯಿಲ್ಲದವರಿಗೆ ಆ ಸೌಲಭ್ಯ ದೊಡ್ಡ ಆಸರೆಯಾಯಿತೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದು ಯಜಮಾನರು ಹೇಳಿದಂತೆ ಆಪತ್ಕಾಲದ ಖಾತೆಗೆ ಹೋಯಿತು, ಮತ್ತು ಆ ಹಣ ಬೇಕಾಯಿತು ಕೂಡ: ಮರುವರ್ಷ ಅತ್ತೆಯವರಿಗೆ ಸೋಂಕು ತಗುಲಿದಾಗ ಆಸ್ಪತ್ರೆಯ ಬಿಲ್ಲಿಗೆ ನಾವು ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ.

ಮುಂದಿನ ಪುಟಗಳಲ್ಲಿ ಖಾಲಿ ಸಾಲುಗಳು ಒಂದೊಂದಾಗಿ ತುಂಬಿಕೊಂಡವು, ಎಲ್ಲವೂ ಮೊದಲಿನಷ್ಟಲ್ಲ. ಕಚೇರಿಯ ಓಡಾಟ ಮೊದಲಿನ ಅರ್ಧದಷ್ಟೇ ಉಳಿಯಿತು, ಮಗಳ ಪಾಠಕ್ಕೆಂದು ಕೊಂಡ ಲ್ಯಾಪ್‌ಟಾಪಿನ ಕಂತು ಬಹಳ ಕಾಲ ಉಳಿಯಿತು, ಔಷಧಿಯ ಸಾಲು ಇಳಿಯಲೇ ಇಲ್ಲ. ಸೇವೆಗಳಿಗೆ ಹೋಗುತ್ತಿದ್ದ ಹಣ ವಸ್ತುಗಳ ಕಡೆಗೆ ತಿರುಗಿದ್ದರಿಂದ ಸೈಕಲ್, ಕಂಪ್ಯೂಟರ್, ಪೀಠೋಪಕರಣಗಳಿಗೆ ಜಗತ್ತಿನಾದ್ಯಂತ ಕೊರತೆ ಬಿದ್ದು, ಸರಬರಾಜಿನ ತೊಡಕುಗಳೂ ಉಕ್ರೇನಿನ ಯುದ್ಧವೂ ಸೇರಿ 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇಕಡಾ 9.1ಕ್ಕೆ, ನಾಲ್ಕು ದಶಕಗಳಲ್ಲೇ ಗರಿಷ್ಠ ಮಟ್ಟಕ್ಕೆ, ಏರಿತು. ಆ ಏರಿಕೆಯಲ್ಲಿ ಮತ್ತೆ ಮೊದಲು ನಲುಗಿದ್ದು ಆಹಾರ ಮತ್ತು ಬಾಡಿಗೆಯ ಎರಡೇ ಸಾಲುಗಳಿರುವ ಮನೆಗಳು.

ಆಪತ್ಕಾಲಕ್ಕೆಂದು ಎಷ್ಟು ತಿಂಗಳ ಖರ್ಚನ್ನು ಕೂಡಿಡಬೇಕೆಂಬ ಲೆಕ್ಕವನ್ನು ನಾವು ಈಗ ಆ ಏಪ್ರಿಲ್‌ನ ಪುಟದಿಂದ ಮಾಡುತ್ತೇವೆ, ಏಕೆಂದರೆ ಯಾವುದನ್ನೂ ಬಿಡಲಾಗದ ಸ್ಥಿತಿಯಲ್ಲಿ ಮನೆ ನಡೆಸಲು ಏನೇನು ಬೇಕೆಂಬುದು ಅಷ್ಟು ನಿಚ್ಚಳವಾಗಿ ಬೇರೆಲ್ಲೂ ಬರೆದಿಲ್ಲ. ದಿನಸಿ, ವಿದ್ಯುತ್, ಇಂಟರ್ನೆಟ್, ಔಷಧಿ, ಸಾಲದ ಕಂತು, ವಿಮೆಯ ಕಂತು ಇಷ್ಟು ಆ ಪಟ್ಟಿಯಲ್ಲಿವೆ. ಮನೆಗೆಲಸದವರ ಸಂಬಳವನ್ನೂ ಅದೇ ಪಟ್ಟಿಯಲ್ಲಿ, ಸಾಲದ ಕಂತಿಗಿಂತ ಮೇಲೆ, ಬರೆದಿಟ್ಟಿದ್ದೇವೆ.