ಯೂನಿಯನ್ ಹೇಳಿತು ಅಂತ ಓಟು ಹಾಕ್ತಾರಾ?

ಚುನಾವಣೆ ಹತ್ತಿರ ಬಂತು ಅಂದರೆ ನಮ್ಮ ಯೂನಿಯನ್ನಿನ ಕರಪತ್ರ ಕೈಗೆ ಬರೋದು ಗ್ಯಾರಂಟಿ. ಈ ಸಲವೂ ಬಂದಿದೆ. ‘ಸಾರ್ವಜನಿಕ ಸೇವೆ ಉಳಿಸುವವರಿಗೇ ನಿಮ್ಮ ಮತ’ ಅಂತ ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಆಸ್ಪತ್ರೆ, ಶಾಲೆ, ನೀರು, ಬಸ್ಸು ಅಂತ ಒಂದು ಸಾಲು, ಆಮೇಲೆ ಪದಾಧಿಕಾರಿಗಳ ಸಹಿ. ಮುಗೀತು. ಬಿಡುವಿನಲ್ಲಿ ಎಲ್ಲರೂ ಒಮ್ಮೆ ಕಣ್ಣಾಡಿಸಿದರು. ಒಬ್ಬರು ಅದರ ಹಿಂದುಗಡೆ ಓವರ್‌ಟೈಮ್ ಲೆಕ್ಕ ಬರೆದುಕೊಂಡರು.

ನಾನು ನೀರು ಸರಬರಾಜಿನಲ್ಲಿ ಕೆಲಸ ಮಾಡುವವನು. ಯೂನಿಯನ್ ಓಟಿನ ಬಗ್ಗೆ ಮಾತಾಡಬೇಕು ಅನ್ನುವ ಕಡೆಯವನೇ. ಆದರೆ ಹೀಗಲ್ಲ.

‘ಯೂನಿಯನ್ನಿಗೆ ಯಾಕಣ್ಣ ರಾಜಕೀಯ? ಸಂಬಳ, ಬೋನಸ್ಸು, ರಜೆ ನೋಡಿಕೊಂಡರೆ ಸಾಕಲ್ವಾ?’ ಅಂತ ಹೊಸ ಹುಡುಗರು ಕೇಳುತ್ತಾರೆ. ಸುಮ್ನೆ ಕೇಳೋದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಾರೆ. ಕಾರ್ಖಾನೆಯಲ್ಲಿ ದುಡಿಯುವವನಿಗೆ ಮಾಲೀಕ ಯಾರಾಗಬೇಕು ಅಂತ ಹೇಳುವ ಹಕ್ಕಿಲ್ಲ. ನಮಗೆ ಒಂದಿಷ್ಟು ಇದೆ. ನಮ್ಮ ಮಾಲೀಕರು ಗೆದ್ದು ಬಂದವರು. ಹೊಸಬರನ್ನು ತಗೋಬೇಕಾ, ಗುತ್ತಿಗೆಗೆ ಕೊಡಬೇಕಾ, ಹಳೇ ಪಂಪು ಬದಲಾಯಿಸಬೇಕಾ, ಇನ್ನೆರಡು ವರ್ಷ ತಳ್ಳಬೇಕಾ, ಇದೆಲ್ಲ ತೀರ್ಮಾನವಾಗುವುದು ಬಜೆಟ್ಟಿನಲ್ಲಿ. ನಾವು ಬೇಡಿಕೆ ಪಟ್ಟಿ ಹಿಡಿದು ಮಾತುಕತೆಗೆ ಕೂರುವ ಹೊತ್ತಿಗೆ ದುಡ್ಡು ಯಾವುದಕ್ಕೆಷ್ಟು ಅಂತ ಹಂಚಿ ಮುಗಿದಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ?

ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅಮೆರಿಕದ ಮೆಂಫಿಸ್. 1968ರ ಫೆಬ್ರವರಿ 1, ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನುವ ಇಬ್ಬರು ಪೌರಕಾರ್ಮಿಕರು ನೆನೆಯಬಾರದು ಅಂತ ಕಸದ ಲಾರಿಯ ಹಿಂಭಾಗದೊಳಗೆ ಹೋಗಿ ನಿಂತಿದ್ದರು. ಕಸ ಒತ್ತುವ ಯಂತ್ರ ತಾನಾಗಿಯೇ ಚಾಲೂ ಆಯಿತು. ಇಬ್ಬರೂ ಅದರಲ್ಲೇ ನಜ್ಜುಗುಜ್ಜಾಗಿ ಸತ್ತರು. ಆ ಲಾರಿಗಳು ಸರಿಯಿಲ್ಲ ಅಂತ ಕಾರ್ಮಿಕರು ಮೊದಲೇ ದೂರು ಕೊಟ್ಟಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಫೆಬ್ರವರಿ 12ರಂದು ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ಆಗ ಮೇಯರ್ ಆಗಿದ್ದವರು ಹೆನ್ರಿ ಲೋಬ್. ಹಿಂದಿನ ವರ್ಷ ಚುನಾವಣೆ ಗೆದ್ದು, ಆ ಜನವರಿಯಲ್ಲಷ್ಟೇ ಕುರ್ಚಿ ಹತ್ತಿದವರು. ಯೂನಿಯನ್ನಿಗೆ ಮಾನ್ಯತೆ ಕೊಡಲ್ಲ ಅಂತ ಪಟ್ಟು ಹಿಡಿದರು. ಮುಷ್ಕರಕ್ಕೆ ಬೆಂಬಲ ಕೊಡಲು ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಒಪ್ಪಂದ ಆಗಿದ್ದು ಏಪ್ರಿಲ್ 16ಕ್ಕೆ.

ಕಿಂಗ್ ಸತ್ತಿದ್ದು ಎಲ್ಲರಿಗೂ ಗೊತ್ತು. ಅದರ ಹಿಂದೆ ಕೆಟ್ಟ ಲಾರಿಯ ಕತೆ ಇದೆ ಅಂತ ಗೊತ್ತಿರುವವರು ಕಡಿಮೆ. ಮೇಯರ್ ಯಾರು ಅನ್ನುವುದು ಊರಿನ ಬೇರೆಯವರಿಗೆ ರಾಜಕೀಯ ಇರಬಹುದು. ಆ ಲಾರಿ ಹತ್ತುವವರಿಗೆ ಅದು ಕೆಲಸದ ಜಾಗದ ಸುರಕ್ಷತೆ.

ಸರಿ, ಓಟಿನ ಬಗ್ಗೆ ಮಾತಾಡೋಣ. ಹೇಗೆ? ಪಕ್ಷದ ಹೆಸರು ಹಿಡಿದರೆ ಅಲ್ಲೇ ಕೆಟ್ಟಿತು. ನಮ್ಮ ಸದಸ್ಯರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ, ಮನೆಯಲ್ಲೇ ಗಂಡ ಒಂದು, ಹೆಂಡತಿ ಒಂದು. ಚಂದಾ ಕೊಟ್ಟ ಮಾತ್ರಕ್ಕೆ ಯಾರೂ ತಮ್ಮ ಓಟನ್ನು ಯೂನಿಯನ್ನಿಗೆ ಬರೆದುಕೊಟ್ಟಿಲ್ಲ. ಇದು ನೂರು ವರ್ಷಕ್ಕಿಂತ ಹಳೆಯ ಜಗಳ. ಬ್ರಿಟನ್ನಿನಲ್ಲಿ ವಾಲ್ಟರ್ ಆಸ್ಬೋರ್ನ್ ಅನ್ನುವ ರೈಲ್ವೆ ಪೋರ್ಟರ್ ‘ನನ್ನ ಚಂದಾ ಹಣ ರಾಜಕೀಯಕ್ಕೆ ಯಾಕೆ’ ಅಂತ ತನ್ನ ಯೂನಿಯನ್ನಿನ ಮೇಲೇ ಕೋರ್ಟಿಗೆ ಹೋಗಿ 1909ರಲ್ಲಿ ಗೆದ್ದ. ಆಮೇಲೆ 1913ರ ಕಾನೂನು ಬಂತು. ರಾಜಕೀಯಕ್ಕೆ ಬೇರೆ ನಿಧಿ ಇಡಿ, ಅದಕ್ಕೂ ಮೊದಲು ಸದಸ್ಯರ ಮತ ತಗೊಳ್ಳಿ, ಬೇಡ ಅನ್ನುವವರನ್ನು ಬಿಟ್ಟುಬಿಡಿ ಅಂತ. ನ್ಯಾಯವಾದ ಮಾತು ಅಂತಲೇ ನನಗನ್ನಿಸುತ್ತದೆ.

ಇದರ ಮುಂದಿನ ಭಾಗ ಇನ್ನೂ ಸ್ವಾರಸ್ಯವಾಗಿದೆ. 1984ರಲ್ಲಿ ಅಲ್ಲಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ, ಆ ನಿಧಿ ಇರಬೇಕಾ ಬೇಡವಾ ಅಂತ ಹತ್ತು ವರ್ಷಕ್ಕೊಮ್ಮೆ ಸದಸ್ಯರನ್ನು ಕೇಳಲೇಬೇಕು ಅಂತ ಕಾನೂನು ಮಾಡಿತು. ಯೂನಿಯನ್ನುಗಳು ಸೋಲುತ್ತವೆ ಅಂತ ಬಹಳ ಜನ ಎಣಿಸಿದ್ದರು. 1985-86ರಲ್ಲಿ ಮತದಾನ ನಡೆದಾಗ ನಿಧಿ ಇದ್ದ ಯೂನಿಯನ್ನುಗಳೆಲ್ಲ ಗೆದ್ದವು. ಆ ನಿಧಿಯ ದುಡ್ಡು ಹೆಚ್ಚಾಗಿ ಹೋಗುತ್ತಿದ್ದ ಲೇಬರ್ ಪಕ್ಷದ ಬಾವುಟ ಎತ್ತಿ ಹಿಡಿದು ಪ್ರಚಾರ ಮಾಡಲಿಲ್ಲ, ನಮ್ಮ ಕೆಲಸದ ಬಗ್ಗೆ ತೀರ್ಮಾನ ಮಾಡುವ ಕಡೆ ನಮ್ಮ ದನಿ ಬೇಕೋ ಬೇಡವೋ ಅಂತ ಕೆಲಸದ ಜಾಗದಲ್ಲೇ ಕೇಳಿದರು. ಅಷ್ಟು ಕೇಳಿದರೆ ಯಾರು ಬೇಡ ಅಂತಾರೆ?

ಬರ್ಲಿನ್ನಿನದು ನಮ್ಮದೇ ಇಲಾಖೆಯ ಕತೆ, ಅದಕ್ಕೇ ನನಗೆ ಪ್ರೀತಿ ಜಾಸ್ತಿ. 1999ರಲ್ಲಿ ಆ ನಗರ ತನ್ನ ನೀರಿನ ಸಂಸ್ಥೆಯ ಶೇ 49.9 ಪಾಲನ್ನು ಖಾಸಗಿ ಕಂಪನಿಗಳಿಗೆ ಮಾರಿತು. ಒಪ್ಪಂದದಲ್ಲಿ ಏನಿದೆ ಅಂತ ಜನರಿಗೆ ತೋರಿಸಲಿಲ್ಲ. ಹೋರಾಟಗಾರರು ಸಹಿ ಸಂಗ್ರಹ ಮಾಡಿ 2011ರ ಫೆಬ್ರವರಿಯಲ್ಲಿ ಜನಮತಗಣನೆ ತಂದರು. ಕೇಳಿದ್ದು ಒಂದೇ: ಗುಟ್ಟಿನ ಒಪ್ಪಂದಗಳನ್ನು ಹೊರಗೆ ಹಾಕಿ. 6.6 ಲಕ್ಷಕ್ಕೂ ಹೆಚ್ಚು ಜನ ಹೌದು ಅಂದರು, ಹಾಕಿದ ಮತಗಳಲ್ಲಿ ಅದು ಸುಮಾರು ಶೇ 98. 2013ರ ಹೊತ್ತಿಗೆ ನಗರ ಆ ಪಾಲನ್ನೆಲ್ಲ ವಾಪಸ್ ಕೊಂಡುಕೊಂಡಿತು. ಬರೀ ‘ಸಾರ್ವಜನಿಕ ಸೇವೆ ಉಳಿಸಿ’ ಅಂತ ಕೂಗಿದ್ದರೆ ಅಷ್ಟು ಜನ ಮನೆಯಿಂದ ಹೊರಗೆ ಬರುತ್ತಿದ್ದರು ಅಂತ ನನಗೇನೂ ನಂಬಿಕೆಯಿಲ್ಲ. ಪತ್ರ ತೋರಿಸಿ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ನಮ್ಮ ಕರಪತ್ರದಲ್ಲಿ ಇಲ್ಲದ್ದು ಇದೇ. ನಮ್ಮ ಪಂಪ್‌ಹೌಸಿನಲ್ಲಿ ನಿವೃತ್ತರಾದವರ ಜಾಗ ಖಾಲಿ ಬಿದ್ದಿದೆ, ಮೊದಲು ಇಬ್ಬರು ನೋಡುತ್ತಿದ್ದ ವಾಲ್ವುಗಳನ್ನು ಈಗ ಒಬ್ಬರೇ ಓಡಾಡಿಕೊಂಡು ತಿರುಗಿಸುತ್ತಾರೆ, ಹೀಗಾಗಿ ಕೊನೇ ಬೀದಿಗೆ ನೀರು ತಡವಾಗುತ್ತದೆ. ಅಲ್ಲಿಯವರು ವಾಲ್ವ್‌ಮನ್‌ಗೆ ಬೈಯುತ್ತಾರೆ. ಇದನ್ನು ಬರೆಯಿರಿ ಸ್ವಾಮಿ! ‘ಈ ಖಾಲಿ ಹುದ್ದೆ ತುಂಬುತ್ತೀರಾ, ಹೌದಾ ಅಲ್ವಾ’ ಅಂತ ನಿಂತ ಎಲ್ಲ ಅಭ್ಯರ್ಥಿಗಳಿಗೂ ಕೇಳಿ, ಅವರು ಕೊಟ್ಟ ಉತ್ತರವನ್ನು ಹಾಗೇ ಅಚ್ಚು ಹಾಕಿ. ಉತ್ತರ ಕೊಡದವರ ಹೆಸರಿನ ಮುಂದೆ ಖಾಲಿ ಬಿಡಿ. ಯಾರಿಗೆ ಹಾಕಬೇಕು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

‘ನಿಮ್ಮ ಸ್ವಾರ್ಥಕ್ಕೆ ಸೇವೆ ಅಂತ ಹೆಸರಿಟ್ಟಿದ್ದೀರಿ’ ಅನ್ನುವವರಿದ್ದಾರೆ. ಸ್ವಾರ್ಥ ಇಲ್ಲ ಅಂತ ನಾನು ವಾದ ಮಾಡಲ್ಲ, ನಮ್ಮ ಸಂಬಳ ತೆರಿಗೆ ದುಡ್ಡಿನಿಂದಲೇ ಬರೋದು, ಜಾಸ್ತಿ ಕೇಳಿದರೆ ಯಾರೋ ಕೊಡಬೇಕು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ವಾಸಿ. ಆದರೆ ನನಗೆ ಜಾಸ್ತಿ ಚುಚ್ಚುವುದು ಬೇರೆ ಮಾತು. ನಮ್ಮ ಪಕ್ಕದಲ್ಲೇ ಅದೇ ಗುಂಡಿಗೆ ಇಳಿದು ಅದೇ ಪೈಪು ಜೋಡಿಸುವ ಗುತ್ತಿಗೆಯವರನ್ನು ಎಷ್ಟೋ ಯೂನಿಯನ್ನುಗಳು ಸದಸ್ಯರನ್ನಾಗಿ ಸೇರಿಸಿಕೊಂಡಿಲ್ಲ, ನಮ್ಮದೂ ಸೇರಿ. ಖಾಸಗೀಕರಣ ಬೇಡ ಅಂತ ಕರಪತ್ರ ಹಂಚುತ್ತೇವೆ, ಅದನ್ನು ಅವರ ಕೈಗೆ ಕೊಡಲು ನಾಚಿಕೆಯಾಗುತ್ತದೆ.

ಇನ್ನೊಂದು ಇದೆ, ಚಿಕ್ಕದು ಅಂತ ಯಾರೂ ಮಾತಾಡಲ್ಲ. ಮತದಾನದ ದಿನವೂ ನೀರು ಬಿಡಬೇಕು, ಬಸ್ಸು ಓಡಬೇಕು, ವಾರ್ಡಿನಲ್ಲಿ ನರ್ಸ್ ಇರಬೇಕು. ಸೇವೆ ಉಳಿಸಲು ಓಟು ಹಾಕಿ ಅಂತ ಯಾರಿಗೆ ಹೇಳುತ್ತೇವೋ ಅವರೇ ಆವತ್ತು ಡ್ಯೂಟಿಯಲ್ಲಿರುತ್ತಾರೆ. ಬೆಳಿಗ್ಗೆ ಪಾಳಿಗೆ ಹೋದವರು ಬಿಡುಗಡೆಯಾಗಿ ದೂರದ ಮತಗಟ್ಟೆ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಕರಪತ್ರ ಅಚ್ಚಾಗುವ ಮೊದಲೇ ಯೂನಿಯನ್ ಆ ದಿನದ ಡ್ಯೂಟಿ ಪಟ್ಟಿ ತರಿಸಿಕೊಂಡು, ಯಾರನ್ನು ಎಷ್ಟು ಹೊತ್ತಿಗೆ ಬಿಡುತ್ತಾರೆ, ಆ ಹೊತ್ತಿಗೆ ಅವರ ಜಾಗಕ್ಕೆ ಯಾರು ಬರುತ್ತಾರೆ ಅಂತ ಅಧಿಕಾರಿಗಳ ಹತ್ತಿರ ಬರವಣಿಗೆಯಲ್ಲಿ ತಗೋಬೇಕು. ಈ ವಾರದ ಸಭೆಯಲ್ಲಿ ನಾನು ಎತ್ತುವುದು ಇದನ್ನೇ.